ಸೊನ್ನೆಗಳ ಗೋಡೆ

ಆ ದಿನ ಬೆಳಗಿನಿಂದಲೇ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಏಳು ಪುಸ್ತಕ! ಒಂದರ ಮೇಲೊಂದು ಪೇರಿಸಿಟ್ಟ ಏಳು ದಪ್ಪ ಪುಸ್ತಕ, ಏಳೂ ಕೇಕು. ತಳದಲ್ಲಿ ಚಾಕೊಲೇಟಿನದು, ತುದಿಯಲ್ಲಿ ಕಿತ್ತಳೆಯದು. ಸಕ್ಕರೆ ಹಾಳೆಯ ರಟ್ಟು, ಅದರ ಬೆನ್ನಿಗೆ ಚಿನ್ನದ ಬಣ್ಣದ ಗೆರೆ. ಪುಟಗಳ ಅಂಚು ಕಾಣಲೆಂದು ಕ್ರೀಮಿನ ಮೇಲೆ ಬಾಚಣಿಗೆಯಿಂದ ಗೀರಿದ್ದೆ. ಹೊಸ ಬಾಚಣಿಗೆಯಪ್ಪಾ, ಗಾಬರಿಯಾಗಬೇಡಿ. ಮೂರು ದಿನ ನಿದ್ದೆಗೆಟ್ಟು ಕಟ್ಟಿದ್ದು ಅದು.

ನಮ್ಮ ಬೇಕರಿ ಇರುವುದು ಬೆಟ್ಟದ ನೆತ್ತಿಯ ಮೇಲೆ. ಪಟ್ಟಣ ಕೆಳಗೆ. ನಡುವೆ ಒಂಬತ್ತು ಕಿಲೋಮೀಟರ್ ಇಳಿಜಾರು, ಹದಿನೇಳು ತಿರುವು. ಇಪ್ಪತ್ತೆರಡು ವರ್ಷದಿಂದ ಮೇಲಿನವರಿಗೆ ಬನ್ನು, ಬಿಸ್ಕತ್ತು ಮಾಡಿಕೊಡುತ್ತಿದ್ದ ನನಗೆ ಪಟ್ಟಣದಿಂದ ಬಂದ ಮೊದಲ ದೊಡ್ಡ ಆರ್ಡರ್ ಅದು. ಅಲ್ಲಿನ ಗ್ರಂಥಾಲಯಕ್ಕೆ ನೂರು ವರ್ಷ ತುಂಬಿತ್ತು. ಗ್ರಂಥಪಾಲಕಿ ತಾವೇ ಬೆಟ್ಟ ಹತ್ತಿ ಬಂದು, ತುಂಡು ತಿಂದು ನೋಡಿ, ಬೆರಳು ನೆಕ್ಕಿಕೊಂಡು ಹೇಳಿದ್ದರು: "ನಾಲ್ಕು ಗಂಟೆಗೆ ಸರಿಯಾಗಿ ಮೇಜಿನ ಮೇಲೆ ಇರಬೇಕು. ಚೆನ್ನಾಗಿ ಬಂತೂಂದ್ರೆ ತಿಂಗಳಿಗೊಂದು ಓದುಗರ ಸಭೆ ಇರುತ್ತೆ, ಅದರ ಕೇಕೂ ನಿಮ್ಮದೇ." ಅವರು ಹೋದ ಮೇಲೆ ನಾನು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿ ಇಡೀ ಅಡುಗೆಮನೆಗೆ ಪೌಡರ್ ಹಚ್ಚಿದ್ದೆ.

ಕೇಕನ್ನು ಕೆಳಗೆ ಮುಟ್ಟಿಸುವ ಕೆಲಸ ನಮ್ಮ ಯಜಮಾನರದು. ಅದರಲ್ಲಿ ನನಗೆ ಚೂರೂ ಅನುಮಾನ ಇರಲಿಲ್ಲ. ಇದೇ ರಸ್ತೆಯಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು ಇವರು. ಇವರ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುತ್ತಿರಲಿಲ್ಲ, ಮಲಗಿದ ಕೂಸು ಏಳುತ್ತಿರಲಿಲ್ಲ. ಬ್ರೇಕು ಒತ್ತುವುದೆಂದರೆ ಇವರಿಗೆ ನಾಚಿಕೆಗೇಡು. "ಮುಂದೆ ಏನಿದೆ ಅಂತ ಮೊದ್ಲೇ ನೋಡದೋನು ಬ್ರೇಕ್ ಒತ್ತುತ್ತಾನೆ" ಎಂದು ಮದುವೆಯಾದ ಹೊಸದರಲ್ಲಿ ನನಗೆ ಹೇಳಿದ್ದರು. ನಾನಾಗ ಪ್ರೀತಿಯ ಮಾತು ನಿರೀಕ್ಷಿಸುತ್ತಿದ್ದೆ.

ನಿವೃತ್ತರಾದ ಮೇಲೆ ಇವರು ವಿದ್ಯುತ್ ಕಾರು ಕೊಂಡರು. ಕೊಂಡ ಮರುದಿನವೇ ಇವರಿಗೆ ಹುಚ್ಚು ಹಿಡಿಯಿತು. ಯಾಕೆಂದರೆ ಆ ಕಾರಿನಲ್ಲಿ ವೇಗದ ಪೆಡಲಿನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಚಕ್ರವನ್ನು ಹಿಡಿದು ನಿಧಾನ ಮಾಡುತ್ತದೆ, ಹಾಗೆ ಹಿಡಿಯುವಾಗ ಹುಟ್ಟಿದ ಕರೆಂಟು ವಾಪಸ್ಸು ಬ್ಯಾಟರಿಗೆ ಹೋಗುತ್ತದೆ. ಇಳಿಜಾರಿನಲ್ಲಿ ಹದಿನೇಳು ತಿರುವನ್ನೂ ಬ್ರೇಕ್ ಮುಟ್ಟದೆ ಇಳಿಯಬಹುದು! ಹಿಂಬಾಗಿಲ ಪಕ್ಕದಲ್ಲಿ ನಾನು ಆರ್ಡರ್ ಬರೆದುಕೊಳ್ಳಲು ಕಪ್ಪು ಬಣ್ಣ ಬಳಿಸಿಟ್ಟುಕೊಂಡಿದ್ದ ಗೋಡೆಯಿತ್ತಲ್ಲ, ಅದನ್ನು ಇವರು ವಶಪಡಿಸಿಕೊಂಡರು. ದಿನವೂ ಕೆಳಗೆ ಹೋಗಿ ಬಂದ ಮೇಲೆ, ಎಷ್ಟು ಸಲ ಬ್ರೇಕ್ ಒತ್ತಿದೆ ಎಂದು ಸೀಮೆಸುಣ್ಣದಲ್ಲಿ ಬರೆಯುವುದು. ಮೊದಲು ಮೂರು, ಎರಡು ಎಂದೆಲ್ಲ ಇತ್ತು. ಆಮೇಲೆ ಬರೀ ಸೊನ್ನೆ. ಸಾಲು ಸಾಲು ಸೊನ್ನೆ. ಕೇಕಿನ ದಿನದ ಹೊತ್ತಿಗೆ ಸತತವಾಗಿ ನಾನೂರ ಹನ್ನೆರಡು ಸೊನ್ನೆ. ನನ್ನ ಆರ್ಡರುಗಳು ಹಳೆಯ ಹಿಟ್ಟಿನ ಚೀಲದ ಮೇಲೆ. ಬೆಟ್ಟದವರೆಲ್ಲ ಇವರನ್ನು 'ಸೊನ್ನೆ ಸಾಹೇಬರು' ಎಂದು ಕರೆಯತೊಡಗಿದರು, ಇವರು ಅದನ್ನು ಬಿರುದೆಂದೇ ತಿಳಿದರು.

ಇವರ ಜಂಬಕ್ಕೆ ತಣ್ಣೀರು ಎರಚುವ ಜೀವ ಒಂದೇ ಒಂದು, ನಮ್ಮ ಮಗಳು. ಪಟ್ಟಣದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ತರಬೇತಿ ಮುಗಿಸಿ ಸೇರಿ ಆಗ ಮೂರು ತಿಂಗಳಾಗಿತ್ತು. ಸೇರಿದ ವಾರವೇ ಊಟಕ್ಕೆ ಕೂತಾಗ ಶುರು ಮಾಡಿದ್ದಳು.

"ಅಪ್ಪ, ಈ ಕಾರು ತಗೊಂಡು ಐದು ವರ್ಷ ಆಯ್ತು. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?"

"ಬ್ರೇಕೇ ಒತ್ತದೋನಿಗೆ ಬ್ರೇಕ್ ಆಯಿಲ್ ಯಾಕೆ ಮಗಳೇ? ಉಣ್ಣದ ತಟ್ಟೇನ ಯಾರಾದ್ರೂ ತೊಳೀತಾರಾ?"

"ಅದು ಒತ್ತಿದ್ದಕ್ಕೆ ಹಾಳಾಗಲ್ಲ ಅಪ್ಪ, ವರ್ಷ ಕಳೆದಿದ್ದಕ್ಕೆ ಹಾಳಾಗೋದು. ಹೆಸರಿಗೆ ಆಯಿಲ್ ಅಂತೀವಿ ಅಷ್ಟೇ. ಅದು ಗಾಳಿಯಲ್ಲಿರೋ ನೀರಿನ ಪಸೆ ಹೀರ್ಕೊಳ್ಳುತ್ತೆ. ನೀರು ಸೇರಿದ್ರೆ ಬೇಗ ಕುದಿಯುತ್ತೆ, ಕುದಿದ್ರೆ ಒಳಗೆ ಗುಳ್ಳೆ ಬರುತ್ತೆ, ಗುಳ್ಳೆ ಬಂದ್ರೆ ಪೆಡಲ್ ಮೆತ್ತಗಾಗುತ್ತೆ. ಆಮೇಲೆ ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ."

"ಮುಚ್ಚಳ ಬಿಗಿಯಾಗಿ ಹಾಕಿದ್ರೂ ನೀರು ಹೇಗೆ ಒಳಗೆ ಹೋಗುತ್ತೆ?" ಎಂದು ಕೇಳಿದವಳು ನಾನೇ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಲಟ್ಟಣಿಗೆಯಿಂದ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಇವರಿಗಂತೂ ಅಷ್ಟೇ ಸಾಕಾಯಿತು. "ನೋಡು, ನಿಮ್ಮಮ್ಮನಿಗಿರೋ ಬುದ್ಧಿ!" ಎಂದು ನಕ್ಕರು. ನಾನೂ ನಕ್ಕೆ. ಮಗಳು ನಗಲಿಲ್ಲ.

ಆಮೇಲೊಂದು ಭಾನುವಾರ ಅವಳು ಪೆನ್ನಿನಂಥ ಒಂದು ಸಾಧನ ತಂದಳು. ಅದರ ತುದಿಯನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿದರೆ ದೀಪ ಹತ್ತುತ್ತದಂತೆ. ಹಸಿರು ಹತ್ತಿದರೆ ಚಿಂತೆಯಿಲ್ಲ, ಹಳದಿಯಾದರೆ ಹುಷಾರು, ಕೆಂಪಾದರೆ ಇವತ್ತೇ ಬದಲಾಯಿಸಬೇಕು. ಒಂದೇ ನಿಮಿಷದ ಕೆಲಸ. ಆದರೆ ಇವರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ನನ್ನ ಗಾಡೀನ ನಾನು ನೋಡ್ಕೋತೀನಿ. ನೀನು ಊರವರ ಗಾಡಿ ನೋಡು, ಹೋಗು." ಅವಳ ಮುಖ ಚಿಕ್ಕದಾಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ನಾನು ಅವಳ ಪರ ಒಂದು ಮಾತಾಡಲಿಲ್ಲ, ಒಲೆಯಲ್ಲಿ ಬನ್ನು ಇತ್ತು ಎಂದು ನೆಪ ಹೇಳಿಕೊಂಡೆ.

ಸರಿ, ಕೇಕಿನ ದಿನಕ್ಕೆ ಬರೋಣ. ಎರಡು ದಿನ ಮುಂಚೆ ನಮ್ಮ ಅಂಗಳದಲ್ಲೇ ಚಾರ್ಜರ್ ಕೂರಿಸಿದ್ದರು. ಅಲ್ಲಿಯವರೆಗೆ ಇವರು ಕೆಳಗೆ ಪಟ್ಟಣದಲ್ಲಿ ಚಾರ್ಜ್ ಮಾಡಿಕೊಂಡು ಬರುತ್ತಿದ್ದರು. ಬೆಟ್ಟ ಹತ್ತುವಷ್ಟರಲ್ಲಿ ಬ್ಯಾಟರಿ ಅಷ್ಟಿಷ್ಟು ಖಾಲಿಯಾಗಿರುತ್ತಿತ್ತು. ಈ ಸಲ ಇವರು ನೆತ್ತಿಯ ಮೇಲೇ, ಕಂಠಮಟ್ಟ, ನೂರಕ್ಕೆ ನೂರು ತುಂಬಿಸಿಟ್ಟಿದ್ದರು. "ನಿನ್ನ ಕೇಕಿಗೆ ಎ.ಸಿ. ಬೇಕಲ್ಲ, ಒಂದು ಗುಟುಕೂ ಕಮ್ಮಿಯಾಗಬಾರದು ಅಂತ" ಎಂದು ನನ್ನ ಮುಖ ನೋಡಿದರು. ಹೊಗಳಿಕೆ ಬೇಕಿತ್ತು. ನಾನೂ ಧಾರಾಳವಾಗಿ ಹೊಗಳಿದೆ.

ಎರಡೂಕಾಲಿಗೆ ಹೊರಟೆವು. ಹಿಂದಿನ ಸೀಟು ಮಡಚಿ ಹಲಗೆ ಹಾಕಿ ಕೇಕನ್ನು ಕೂರಿಸಿದ್ದೆವು. ಪಕ್ಕದಲ್ಲಿ ಉಳಿದ ಅರ್ಧ ಸೀಟಿನಲ್ಲಿ ನಾನು, ಎರಡೂ ಕೈಯಲ್ಲಿ ಹಲಗೆಯ ಅಂಚು ಹಿಡಿದು. "ನಾನೂರ ಹದಿಮೂರನೇ ಸೊನ್ನೆಗೆ ಹೊರಟ್ವಿ!" ಎಂದರು ಇವರು. ಕಿಟಕಿಯಾಚೆ ಬಿಸಿಲು, ಒಳಗೆ ವೆನಿಲಾ ವಾಸನೆ, ಕೆಳಗೆ ಪುಟ್ಟದಾಗಿ ಪಟ್ಟಣ. ನನಗೆ ಹಾಡಬೇಕು ಅನಿಸಿತು.

ಮೊದಲ ತಿರುವಿಗೆ ಮುಂಚೆ ಇವರು ಅಭ್ಯಾಸದಂತೆ ಕಾಲು ತೆಗೆದರು. ಕಾರು ನಿಧಾನವಾಗಲಿಲ್ಲ.

ನಿಧಾನವಾಗುವ ಬದಲು ಜೋರಾಯಿತು! ಮೋಟಾರು ಚಕ್ರವನ್ನು ಹಿಡಿಯಲೇ ಇಲ್ಲ. ಪರದೆಯ ಮೇಲೆ ಏನೋ ಹಳದಿ ಗುರುತು ಮಿನುಗಿತು. ಇವರು ತಕ್ಷಣ ಬ್ರೇಕ್ ಒತ್ತಿದರು. ಕೇಕು ಮುಂದಕ್ಕೆ ವಾಲಿತು, ನಾನು ಹಲಗೆಯನ್ನು ಎದೆಗೆ ಅವಚಿಕೊಂಡೆ.

"ಏನ್ರೀ ಇದು?"

"ಬ್ಯಾಟ್ರಿ ತುಂಬ್ಬಿಟ್ಟಿದೆ ಕಣೇ. ಹುಟ್ಟೋ ಕರೆಂಟನ್ನ ತಗೊಳ್ಳೋಕೆ ಜಾಗ ಇಲ್ಲ, ಅದಕ್ಕೇ ಮೋಟಾರು ಕೈಬಿಟ್ಟಿದೆ. ಪರವಾಗಿಲ್ಲ, ಬ್ರೇಕ್ ಇದೆಯಲ್ಲ." ಇವರ ಕಿವಿ ಕೆಂಪಾಗಿತ್ತು. ಸೊನ್ನೆ ಹೋಯಿತಲ್ಲ ಎಂಬ ಸಂಕಟ. ನನಗೆ, ದೇವರೇ ಕ್ಷಮಿಸಲಿ, ಒಳಗೊಳಗೇ ನಗು ಬಂತು. ಆಗಾಗ ಇವರ ಲೆಕ್ಕವನ್ನು ನಾನೇ ಇಡುವುದು, ಇವತ್ತೂ ಎಣಿಸುತ್ತಾ ಹೋದೆ. ಒಂದು, ಎರಡು, ಮೂರು. ಇಳಿಜಾರು ಕಡಿದಾದಂತೆ ಇವರು ಒತ್ತಿದ ಕಾಲನ್ನು ಬಹಳ ಹೊತ್ತು ತೆಗೆಯುತ್ತಲೇ ಇರಲಿಲ್ಲ. ಏಳನೇ ತಿರುವಿಗೆ ಹದಿನೈದಾಯಿತು. ಅಷ್ಟರಲ್ಲಿ ಒಂದು ವಾಸನೆ ಬಂತು. ನನ್ನ ಮೂಗು ಬೇಕರಿಯ ಮೂಗು, ಸುಟ್ಟದ್ದನ್ನು ಮಾತ್ರ ಎಂದೂ ತಪ್ಪಿಸುವುದಿಲ್ಲ. ಇದು ಕೇಕಲ್ಲ, ಬಟ್ಟೆ ಇಸ್ತ್ರಿಗೆ ಹೊತ್ತಿದಂಥ ಕಮಟು.

ಹದಿನೇಳು. ಹದಿನೆಂಟು.

"ಪೆಡಲ್ ಯಾಕೋ ಮೆತ್ತಗಾಗ್ತಿದೆ" ಎಂದರು ಇವರು, ತಮಗೆ ತಾವೇ ಹೇಳಿಕೊಂಡಂತೆ.

ಮೆತ್ತಗೆ! ಮಗಳ ಮಾತು ನೆನಪಾಯಿತು. ಅದರ ಜೊತೆಗೇ, ನೀವು ನಂಬುವುದಿಲ್ಲ, ನನ್ನ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿ ಕಣ್ಣೆದುರು ಬಂತು. ಬಿಗಿಯಾಗಿ ಮುಚ್ಚಿ, ಯಾರೂ ಮುಟ್ಟದೆ, ಒಂದನ್ನೂ ತಿನ್ನದೆ ಮರೆತುಬಿಟ್ಟ ಡಬ್ಬಿ. ಮೂರು ತಿಂಗಳ ಮೇಲೆ ತೆಗೆದರೆ ಬಿಸ್ಕತ್ತೆಲ್ಲ ಒದ್ದೆ ರಟ್ಟಿನ ಹಾಗೆ. ಮುಟ್ಟದಿದ್ದರೂ ಮೆತ್ತಗಾಗಿತ್ತು! ಗಾಳಿಯ ಪಸೆಗೆ ಮುಚ್ಚಳದ ಲೆಕ್ಕವಿಲ್ಲ ಎಂದು ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದವಳು ನಾನು. ಊಟದ ಮುಂದೆ ಕೂತು ಆ ಹುಡುಗಿಗೆ ಮುಚ್ಚಳದ ಪ್ರಶ್ನೆ ಕೇಳಿದವಳೂ ನಾನು.

"ರೀ, ನಿಲ್ಸಿ! ಈಗಲೇ ನಿಲ್ಸಿ!"

"ಇನ್ನೆಂಟು ತಿರುವು ಅಷ್ಟೇ. ಹೊತ್ತಾಗುತ್ತೆ, ನಿನ್ನ ಕೇಕು—"

"ಕೇಕು ಹಾಳಾಗಿ ಹೋಗ್ಲಿ! ನನಗೆ ನೀವು ಬೇಕು, ನಿಲ್ಸ್ರೀ!"

ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಹೀಗೆ ಕಿರುಚಿದ್ದು ಅದೇ ಮೊದಲು ಎಂದರೆ ಸುಳ್ಳು. ಆದರೆ ಇವರು ತಕ್ಷಣ ಕೇಳಿದ್ದು ಮಾತ್ರ ಅದೇ ಮೊದಲು. ಒಂಬತ್ತನೇ ತಿರುವಿನಾಚೆ, ಪಟ್ಟಣ ನೋಡಲು ಜನ ಗಾಡಿ ನಿಲ್ಲಿಸುವ ಸಮತಟ್ಟು ಜಾಗವಿದೆ. ಇವರು ಪೆಡಲ್ ಒತ್ತಿದರು. ಅದು ನೆಲದವರೆಗೆ ಹೋಯಿತು. ನಾನು ಕಣ್ಣಾರೆ ನೋಡಿದೆ, ಇವರ ಮೊಣಕಾಲು ನೆಟ್ಟಗಾಯಿತು, ಕಾರು ಮಾತ್ರ ಹೋಗುತ್ತಲೇ ಇತ್ತು. ಇವರು ಸೀಟುಗಳ ನಡುವಿನ ಪಾರ್ಕಿಂಗ್ ಬ್ರೇಕಿನ ಗುಂಡಿಯನ್ನು ಎಳೆದು ಹಿಡಿದರು. ಅದು ಬೇರೆಯದೇ ಬ್ರೇಕು, ಆಯಿಲಿನ ಹಂಗಿಲ್ಲದೆ ಪುಟ್ಟ ಮೋಟಾರು ಹಿಂದಿನ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಕಾರು ಗೊರ ಗೊರ ಎಂದು ಕೂಗಿತು, ಜಲ್ಲಿಯ ಮೇಲೆ ಜಾರಿತು, ತಡೆಗೋಡೆಗೆ ಎರಡು ಮೊಳ ದೂರದಲ್ಲಿ ನಿಂತಿತು.

ಮೇಲಿನ ಮೂರು ಪುಸ್ತಕ ಓರೆಯಾಗಿ ಜಾರಿದ್ದವು, ಆದರೆ ಬಿದ್ದಿರಲಿಲ್ಲ. ಇವರು ಸ್ಟಿಯರಿಂಗನ್ನು ಬಿಡದೆ ಹಿಡಿದೇ ಕೂತಿದ್ದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು ಹೀಗೆ ಕೂತದ್ದನ್ನು ನಾನು ನೋಡಿರಲೇ ಇಲ್ಲ. ಹಿಂದಿನಿಂದಲೇ ಕೈ ಚಾಚಿ ಇವರ ಹೆಗಲು ಹಿಡಿದುಕೊಂಡೆ. ಬದುಕಿದ್ದೇವೆ ಎಂಬ ಖುಷಿಗೆ ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮಗಳಿಗೆ ಫೋನ್ ಮಾಡಿದವರು ಇವರೇ. "ಪುಟ್ಟೀ" ಎಂದರು, ಅಷ್ಟೇ. ಫೋನನ್ನು ನನಗೆ ಕೊಟ್ಟರು. ಆದದ್ದನ್ನೆಲ್ಲ ನಾನೇ ಹೇಳಿದೆ.

"ಅಮ್ಮ, ಅಲ್ಲೇ ಇರಿ. ಒಂದಡಿಯೂ ಮುಂದೆ ಹೋಗ್ಬೇಡಿ. ಗಾಡಿ ಉರುಳದ ಹಾಗೆ ಚಕ್ರಕ್ಕೆ ಕಲ್ಲು ಕೊಡಿ, ಚಕ್ರ ಮುಟ್ಬೇಡಿ, ಕಾದಿರುತ್ತೆ. ಎ.ಸಿ. ಹಾಕ್ಕೊಂಡೇ ಇರಿ, ಬ್ಯಾಟ್ರಿ ಖರ್ಚಾದಷ್ಟೂ ಒಳ್ಳೇದೇ. ಬಂದೆ!"

ಇವರು ಕಲ್ಲು ಕೊಟ್ಟು ಬಂದರು. ಮೂರು ಗಂಟೆಗೆ ಹದಿನೈದು ನಿಮಿಷವಿತ್ತು. ಕೈ ಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ಮುಂದಿನ ಸೀಟಿಗೆ ಬಂದು ಡ್ಯಾಶ್‌ಬೋರ್ಡಿನ ಖಾನೆ ತೆಗೆದೆ. ಅದರಲ್ಲಿ ಕಾರಿನ ಜೊತೆ ಕೊಟ್ಟ ಪುಸ್ತಕವಿತ್ತು, ಐದು ವರ್ಷವಾದರೂ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ! ಹಿಂದೆ ಏಳು ಪುಸ್ತಕದ ಕೇಕು, ಮುಂದೆ ಯಾರೂ ಓದದ ಎಂಟನೆಯದು. ಹಲ್ಲಿನಿಂದ ಹೊದಿಕೆ ಹರಿದು ಹುಡುಕಿದೆ.

"ಕೇಳಿಸ್ಕೊಳ್ಳಿ! 'ಬ್ರೇಕ್ ಆಯಿಲನ್ನು, ವಾಹನ ಎಷ್ಟೇ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸತಕ್ಕದ್ದು.' ಎಷ್ಟೇ ಓಡಿರಲಿ! ಇನ್ನೊಂದ್ಸಲ ಓದ್ಲಾ?"

"ಬೇಡ ಕಣೇ. ಕೇಳಿಸ್ತು."

"'ಬ್ಯಾಟರಿ ಪೂರ್ತಿ ತುಂಬಿದ್ದಾಗ ಉದ್ದನೆಯ ಇಳಿಜಾರಿನಲ್ಲಿ...' ಅದೂ ಇದೆ ಇಲ್ಲಿ, ನೋಡಿ!"

"ಕೇಳಿಸ್ತು ಅಂದ್ನಲ್ಲ!" ಎಂದರು. ಮುಖ ಇಂಗು ತಿಂದ ಮಂಗನ ಹಾಗಿತ್ತು. ನನಗೆ ಪಾಪ ಅನಿಸಿ ಪುಸ್ತಕ ಮುಚ್ಚಿದೆ. ಎರಡು ನಿಮಿಷವಾದ ಮೇಲೆ ಮತ್ತೆ ತೆರೆದೆ.

ಕೆಳಗಿನ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿದಾಗ ನಾನು ರಸ್ತೆಗೇ ಓಡಿದೆ. ಮಗಳು ಬಂದು ನಿಂತಳು, ಹೆಲ್ಮೆಟ್ ತೆಗೆಯುವ ಮೊದಲೇ ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ನೇರ ಬಾನೆಟ್ಟಿನ ಹತ್ತಿರ ಹೋಗಿ ಅಪ್ಪನ ಮುಖ ನೋಡಿದಳು. ಇವರೇ ಬಾನೆಟ್ ಎತ್ತಿ ಹಿಡಿದರು.

ಒಳಗೆ ಪುಟ್ಟ ಬಿಳಿ ಡಬ್ಬಿ. ಅವಳು ಮುಚ್ಚಳ ತಿರುಗಿಸಿದಳು. ಹೊಸತರಲ್ಲಿ ತೆಳು ಜೇನಿನ ಬಣ್ಣವಿರಬೇಕಂತೆ, ಇದು ಹಳಸಿದ ಚಹಾದ ಹಾಗಿತ್ತು. ಪೆನ್ನಿನ ತುದಿ ಅದ್ದಿದಳು. ಹಸಿರು, ಹಳದಿ, ಆಮೇಲೆ ಕೆಂಪು, ಅದರ ಪಕ್ಕದ ಇನ್ನೊಂದು ಕೆಂಪೂ ಹತ್ತಿತು. ಒಂದು ನಿಮಿಷವೂ ಆಗಲಿಲ್ಲ.

"ಇಷ್ಟೇನಾ?" ಎಂದರು ಇವರು ಮೆಲ್ಲಗೆ.

"ಇಷ್ಟೇ ಅಪ್ಪ."

"ಈಗ ಏನು ಮಾಡೋದು? ಗಾಡಿ ಎಳೆಸ್ಕೊಂಡು ಹೋಗಬೇಕಾ?"

ಅವಳು ಸ್ಕೂಟರಿನ ಡಿಕ್ಕಿ ತೆಗೆದಳು. ಸ್ಪ್ಯಾನರ್, ರಬ್ಬರ್ ಕೊಳವೆ, ಖಾಲಿ ಬಾಟಲಿ, ಸೀಲು ಒಡೆಯದ ಬ್ರೇಕ್ ಆಯಿಲಿನ ಎರಡು ಡಬ್ಬಿ. "ಮೂರು ವಾರದಿಂದ ಇದನ್ನ ಇಟ್ಕೊಂಡೇ ಓಡಾಡ್ತಿದೀನಿ. ನೀವು ಯಾವಾಗ ಹೂಂ ಅಂತೀರೋ ಅಂತ." ಇವರು ಆ ಡಬ್ಬಿಗಳನ್ನು ನೋಡುತ್ತಾ ನಿಂತರು. ಆಮೇಲೆ ಹೂಂ ಎಂಬಂತೆ ತಲೆಯಾಡಿಸಿದರು.

ಚಕ್ರ ತಣ್ಣಗಾಗುವುದನ್ನು ಕಾದು, ಹಳೆಯದನ್ನು ಡಬ್ಬಿಯಿಂದ ಹೀರಿ ತೆಗೆದು ಹೊಸದು ಸುರಿದಳು. ಆಮೇಲೆ ಹಿಂದಿನ ಚಕ್ರದ ಹತ್ತಿರ ಅಂಗಾತ ಮಲಗಿ ಕೊಳವೆ ಸಿಕ್ಕಿಸಿದಳು. "ಅಪ್ಪ, ಒಳಗೆ ಕೂತ್ಕೊಳ್ಳಿ. ನಾನು ಒತ್ತಿ ಅಂದಾಗ ಬ್ರೇಕ್ ಪೂರ್ತಿ ಒತ್ತಬೇಕು. ಬಿಡಿ ಅನ್ನೋವರೆಗೂ ಬಿಡಬಾರದು. ಹಳೇದೆಲ್ಲ ಈ ಕೊಳವೇಲಿ ಹೊರಗೆ ಬರುತ್ತೆ."

"ಎಷ್ಟು ಸಲ ಒತ್ತಬೇಕು?"

"ನಾಲ್ಕು ಚಕ್ರದಲ್ಲೂ ತಿಳಿ ಆಯಿಲ್ ಬರೋವರೆಗೂ. ನೂರಕ್ಕಂತೂ ಕಮ್ಮಿಯಿಲ್ಲ."

ನೂರು! ಸೊನ್ನೆ ಸಾಹೇಬರ ಮುಖ ನೀವು ನೋಡಬೇಕಿತ್ತು. ನಾನು ತಡೆಹಿಡಿದಿದ್ದ ನಗುವೆಲ್ಲ ಒಮ್ಮೆಗೇ ಸಿಡಿಯಿತು. ತಡೆಗೋಡೆ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಚಕ್ರದ ಕೆಳಗಿನಿಂದ ಮಗಳ ನಗುವೂ ಕೇಳಿತು. ಕೊನೆಗೆ ಇವರೂ ನಕ್ಕುಬಿಟ್ಟರು.

"ಒತ್ತಿ!"

"ಒತ್ತಿದೆ."

"ಬಿಡಿ."

"ಬಿಟ್ಟೆ."

"ಒಂದು!" ಎಂದು ಕೂಗಿದೆ ನಾನು. ಲೆಕ್ಕ ನನ್ನದೇ ತಾನೇ? ಕೊಳವೆಯಲ್ಲಿ ಕಂದು ನೀರು, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ. ನಮ್ಮನ್ನು ಪ್ರಪಾತಕ್ಕೆ ಕಳಿಸಬೇಕೆಂದಿದ್ದ ಗುಳ್ಳೆಗಳು ಅವೇ! ಒಂದೊಂದು ಹೊರಬಿದ್ದಾಗಲೂ ನನಗೆ ಶತ್ರು ಸತ್ತಷ್ಟು ಸಂತೋಷ. ಒತ್ತಿ, ಬಿಡಿ, ಒತ್ತಿ, ಬಿಡಿ. ನಡುನಡುವೆ ಅವಳು ಎದ್ದು ಬಂದು ಮೇಲಿನ ಡಬ್ಬಿಗೆ ಹೊಸದನ್ನು ತುಂಬುತ್ತಿದ್ದಳು. ಮೂವತ್ತೆರಡಕ್ಕೆ ಮೊದಲ ಚಕ್ರ ತಿಳಿಯಾಯಿತು. ಮೂರನೇ ಚಕ್ರದ ಹೊತ್ತಿಗೆ ಇವರ ಕಾಲು ನೋಯತೊಡಗಿತು, ಆದರೂ ಒಂದು ಸಲವೂ ಗೊಣಗಲಿಲ್ಲ. ಮಗಳು ಹೇಳಿದ್ದಕ್ಕೆ ಅರೆಕ್ಷಣವೂ ತಡಮಾಡದೆ ಒತ್ತಿದರು, ಹೇಳುವವರೆಗೂ ಬಿಡಲಿಲ್ಲ. ನೂರ ಇಪ್ಪತ್ತಾರಕ್ಕೆ ಅವಳು ಎದ್ದು ಬೆನ್ನಿನ ಧೂಳು ಕೊಡವಿಕೊಂಡಳು. ಅಷ್ಟು ಹೆಮ್ಮೆಯಿಂದ ನಾನು ಯಾರನ್ನೂ ನೋಡಿರಲಿಲ್ಲ, ಅವಳು ಹುಟ್ಟಿದ ದಿನವೊಂದನ್ನು ಬಿಟ್ಟು.

ಸಮತಟ್ಟಿನಲ್ಲಿ ಕಾರನ್ನು ಅವಳೇ ಹಿಂದೆ ಮುಂದೆ ಓಡಿಸಿ ನೋಡಿದಳು. "ಕಲ್ಲಿನ ಹಾಗಿದೆ. ಅಪ್ಪ, ನಿಧಾನ ಹೋಗಿ, ಒತ್ತೋದಕ್ಕೆ ನಾಚ್ಕೋಬೇಡಿ. ಇನ್ಮೇಲೆ ಮನೇಲಿ ಚಾರ್ಜ್ ಮಾಡಿದ್ರೆ ಪೂರ್ತಿ ತುಂಬಿಸ್ಬೇಡಿ, ಇಳಿಯೋವಾಗ ಹುಟ್ಟೋ ಕರೆಂಟಿಗೆ ಜಾಗ ಬಿಟ್ಟಿರಿ. ನಾನು ಹಿಂದೇನೇ ಬರ್ತೀನಿ."

ಗಂಟೆ ಮೂರೂಮುಕ್ಕಾಲು. ಇನ್ನೆಂಟು ತಿರುವು. ಹತ್ತನೆಯದರಲ್ಲಿ ಇವರು ಒತ್ತಿದರು, ಕಾರು ಹೇಳಿದ ಮಾತು ಕೇಳಿತು. "ಅಬ್ಬಾ!" ಎಂದರು. ಹನ್ನೊಂದನೆಯದರಲ್ಲಿ ಮತ್ತೆ. ಆಮೇಲೆ ನೋಡುತ್ತೇನೆ, ನೇರ ರಸ್ತೆಯಲ್ಲೂ ಒತ್ತುತ್ತಿದ್ದಾರೆ!

"ಇಲ್ಲಿ ಯಾಕ್ರೀ?"

"ಸುಮ್ನೆ. ನೋಡು ಹೇಗೆ ಹಿಡಿಯುತ್ತೆ! ನಮ್ಮ ಪುಟ್ಟಿ ಮಾಡಿದ ಬ್ರೇಕು ಕಣೇ." ಒತ್ತಿದಾಗಲೆಲ್ಲ ಹಿಂದೆ ಕೆಂಪು ದೀಪ ಹತ್ತುತ್ತಿತ್ತು, ಹತ್ತಿದಾಗಲೆಲ್ಲ ಹಿಂದಿನ ಸ್ಕೂಟರು ಪೀಂ ಎನ್ನುತ್ತಿತ್ತು. ಅಪ್ಪ ಮಗಳು ಪಟ್ಟಣದವರೆಗೂ ಹೀಗೇ ಮಾತಾಡಿಕೊಂಡು ಹೋದರು. ಐವತ್ತೆಂಟು ಸಲ. ನಾನು ಕೇಕು ಹಿಡಿದುಕೊಂಡು, ಎಣಿಸಿಕೊಂಡು, ಮೂಗು ಒರೆಸಿಕೊಂಡು ಕೂತಿದ್ದೆ.

ಗ್ರಂಥಾಲಯದ ಮೆಟ್ಟಿಲ ಮುಂದೆ ನಿಂತಾಗ ನಾಲ್ಕು ದಾಟಿ ಆರು ನಿಮಿಷ. ಗ್ರಂಥಪಾಲಕಿ ಬಾಗಿಲಲ್ಲೇ ಕಾಯುತ್ತಿದ್ದರು. ಮುಟ್ಟಿದರೆ ಕ್ರೀಮು ಕಿತ್ತು ಬಂದೀತೆಂದು ಓರೆಯಾದ ಮೂರು ಪುಸ್ತಕಗಳನ್ನು ನಾನು ನೆಟ್ಟಗೆ ಮಾಡಲು ಹೋಗಿರಲಿಲ್ಲ. ಅವರು ಕೇಕಿನ ಸುತ್ತ ಒಂದು ಸುತ್ತು ಬಂದರು. "ಇದೇನು, ಯಾರೋ ಈಗ ತಾನೇ ಓದಿ ಇಟ್ಟು ಹೋದ ಹಾಗಿದೆ! ಬೇಕೂಂತ ಹೀಗೆ ಮಾಡಿದ್ರಾ?" ಎಂದರು. ನಾನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಕೇಕು ಕತ್ತರಿಸಿದ ಮೇಲೆ ಅವರು ನನ್ನ ಹತ್ತಿರ ಬಂದು, "ತಿಂಗಳ ಮೊದಲ ಶನಿವಾರ, ಮರೀಬೇಡಿ" ಎಂದರು.

ಸಂಜೆ ಮನೆಗೆ ಬಂದೆವು, ಮಗಳ ಸ್ಕೂಟರು ಹಿಂದೆಯೇ. ಅಂಗಳದಲ್ಲಿ ಕಾರು ನಿಲ್ಲಿಸಿದ ಕೂಡಲೇ ಇವರು ಹಿಂಬಾಗಿಲಿಗೆ ಹೋದರು. ನನಗೆ ಪುಕಪುಕ. ರಸ್ತೆ ಬದಿಯಲ್ಲಿ ಒತ್ತಿದ್ದು ಲೆಕ್ಕಕ್ಕಿಲ್ಲ, ಬ್ಯಾಟರಿಯದೇ ತಪ್ಪು ಎಂದೆಲ್ಲ ಹೇಳಿ ಇವತ್ತಿಗೂ ಒಂದು ಸೊನ್ನೆ ಬರೆದುಬಿಟ್ಟರೆ, ಆ ಹುಡುಗಿಯ ಮುಖ ಮತ್ತೆ ಚಿಕ್ಕದಾಗುತ್ತದಲ್ಲ ಎಂದು. ಈ ಸಲ ಸುಮ್ಮನಿರುವುದಿಲ್ಲ ಎಂದು ಸೆರಗು ಸಿಕ್ಕಿಸಿಕೊಂಡೇ ಹಿಂದೆ ಹೋದೆ.

ಇವರು ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆ ಒರೆಸುತ್ತಿದ್ದರು. ನಾನೂರ ಹನ್ನೆರಡು ಸೊನ್ನೆಗಳೂ ಹೋದವು. ಮೂಲೆಯಲ್ಲಿ ಒಂದೇ ಒಂದು ಸಾಲಿನ ಜಾಗ ಇಟ್ಟುಕೊಂಡು, "ಎಷ್ಟಾಯ್ತೇ ಒಟ್ಟು?" ಎಂದು ಕೇಳಿದರು.

"ಮೊದಲು ಹತ್ತೊಂಬತ್ತು, ಮಗಳು ಒತ್ತಿಸಿದ್ದು ನೂರ ಇಪ್ಪತ್ತಾರು, ಆಮೇಲೆ ಐವತ್ತೆಂಟು. ಇನ್ನೂರ ಮೂರು."

ಇನ್ನೂರ ಮೂರು ಎಂದು ದಪ್ಪಗೆ ಬರೆದರು. ಅದರ ಕೆಳಗೆ ಆ ದಿನದ ತಾರೀಖು. ಅದರ ಮುಂದೆ 'ಬ್ರೇಕ್ ಆಯಿಲ್, ಮಗಳು ಬದಲಾಯಿಸಿದ್ದು' ಎಂದು. ಅದರ ಕೆಳಗೆ ಎರಡು ವರ್ಷ ಮುಂದಿನ ಅದೇ ತಾರೀಖು. ಆಮೇಲೆ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು, "ಉಳಿದ ಗೋಡೆ ನಿನ್ನ ಆರ್ಡರಿಗೆ" ಎಂದರು. ಐದು ವರ್ಷದ ಮೇಲೆ ನನ್ನ ಗೋಡೆ ನನಗೆ! ಅಲ್ಲೇ, ಆಗಲೇ, 'ಗ್ರಂಥಾಲಯ, ಮೊದಲ ಶನಿವಾರ' ಎಂದು ಬರೆದೆ.

ಮಗಳು ಬಾಗಿಲಲ್ಲಿ ನಿಂತು ಓದುತ್ತಿದ್ದಳು. ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ಕಣ್ಣು ತುಂಬಿತ್ತು. ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಇನ್ನೂರ ಮೂರನ್ನು ಒರೆಸಿ ಇನ್ನೂರ ನಾಲ್ಕು ಮಾಡಿದಳು.

"ಅಂಗಳದಲ್ಲಿ ನಿಲ್ಲಿಸೋವಾಗ ಒಂದ್ಸಲ ಒತ್ತಿದ್ರಿ ಅಪ್ಪ. ನಾನು ಹಿಂದೇನೇ ಇದ್ದೆ."

"ಹೌದು, ಒತ್ತಿದೆ" ಎಂದರು ಇವರು.